ಬಿ ಸೈಡ್ ಬಡಪಾಯಿ

ಸ್ಟಾಂಪ್ ಕೂಡಿಡುವವರಿಗೆ ಜನ ಮರ್ಯಾದೆ ಕೊಡುತ್ತಾರೆ. ಹಳೇ ನಾಣ್ಯ ಕೂಡಿಡುವವರ ಬಗ್ಗೆ ಪೇಪರಿನಲ್ಲಿ ಫೋಟೊ ಸಮೇತ ಬರುತ್ತದೆ. ನನ್ನಂಥವರಿಗೆ ಆ ಭಾಗ್ಯ ಇಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದವರೆಗೆ ಯುರೋಪಿನ ಹುಡುಗರು ಸಿಂಥಸೈಜರ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ಇಟ್ಟುಕೊಂಡು ಹಾಡು ಮಾಡಿದರಲ್ಲ, ಅದರಲ್ಲಿ ಯಾರೂ ಕೊಳ್ಳದೆ ಮೂಲೆ ಸೇರಿದ ಏಳಿಂಚಿನ ರೆಕಾರ್ಡುಗಳನ್ನು ನಾನು ಹುಡುಕಿ ತರುತ್ತೇನೆ. ತಂದವನು ಮುಖ್ಯ ಹಾಡನ್ನು ಬಿಟ್ಟು, ತಿರುಗಿಸಿ, ಬಿ ಸೈಡ್ ಅನ್ನುವ ಹಿಂದಿನ ಬದಿಯ ಹಾಡು ಹಾಕುತ್ತೇನೆ.

"ಅಲ್ರೀ, ಯಾರೂ ಕೇಳದ ರೆಕಾರ್ಡಿನಲ್ಲಿ ಯಾರೂ ಕೇಳದ ಬದಿ ಯಾಕೆ?" ಅನ್ನುತ್ತಾಳೆ ಹೆಂಡತಿ.

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಫಿಲಿಪ್ಸ್ ಹುಟ್ಟಿದ ಊರು. ಸೋನಿಯವರ ಜೊತೆ ಸೇರಿ 1982ರಲ್ಲಿ ಸಿಡಿ ತಂದು ರೆಕಾರ್ಡುಗಳನ್ನು ಅಟ್ಟ ಹತ್ತಿಸಿದವರು ಇವರೇ. ಅದೇ ಊರಿನಲ್ಲಿ ಕೂತು ನಾನು ಅಟ್ಟದಿಂದ ಕೆಳಗಿಳಿಸುತ್ತಿದ್ದೇನೆ.

ಹೆಂಡತಿಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಎ ಸೈಡ್ ಅಂದರೆ ಕಂಪನಿಯವರ ಹಾಡು. ರೇಡಿಯೊದಲ್ಲಿ ಬರಬೇಕು, ಮಾರಾಟ ಆಗಬೇಕು ಅಂತ ಹತ್ತು ಜನ ಕೂತು ತಿದ್ದಿರುತ್ತಾರೆ. ಬಿ ಸೈಡ್ ಯಾರಿಗೂ ಬೇಡ. ಹಾಗಾಗಿ ಅಲ್ಲಿ ಹುಡುಗರು ಮನಸ್ಸಿಗೆ ಬಂದದ್ದು ಮಾಡಿರುತ್ತಾರೆ. 1978ರಲ್ಲಿ ಲಂಡನ್ನಿನ ಡೇನಿಯಲ್ ಮಿಲ್ಲರ್ ಒಂದು ಕೊರ್ಗ್ ಸಿಂಥಸೈಜರ್, ಒಂದು ಟೇಪ್ ರೆಕಾರ್ಡರ್ ಇಟ್ಟುಕೊಂಡು ಮನೆಯಲ್ಲೇ ಎರಡು ಹಾಡು ಮಾಡಿದರು. 'ದಿ ನಾರ್ಮಲ್' ಅಂತ ಹೆಸರಿಟ್ಟುಕೊಂಡು, ಮ್ಯೂಟ್ ಅನ್ನುವ ಸ್ವಂತ ಲೇಬಲ್, ಅಂದರೆ ರೆಕಾರ್ಡ್ ಕಂಪನಿಯ, ಹೆಸರಿನಲ್ಲಿ ತಂದರು. ಎ ಸೈಡ್ ಹಾಡಿನ ಹೆಸರು ಇವತ್ತು ನಮ್ಮಂಥ ಹುಚ್ಚರಿಗಷ್ಟೇ ಗೊತ್ತು. ಬಿ ಸೈಡಿನ 'ವಾರ್ಮ್ ಲೆದರೆಟ್' ಅನ್ನು ಗ್ರೇಸ್ ಜೋನ್ಸ್ 1980ರಲ್ಲಿ ಹಾಡಿದರು. ಮುಂದೆ ಡೆಪೆಷ್ ಮೋಡ್ ಬ್ಯಾಂಡ್ ಬಂದದ್ದೂ ಅದೇ ಲೇಬಲ್‌ನಿಂದ. ಜರ್ಮನಿಯ ಕ್ರಾಫ್ಟ್‌ವರ್ಕ್ ಬ್ಯಾಂಡಿನ ಕಥೆ ಇನ್ನೂ ಚೆನ್ನಾಗಿದೆ. 1981ರಲ್ಲಿ ಬ್ರಿಟನ್ನಿನಲ್ಲಿ 'ಕಂಪ್ಯೂಟರ್ ಲವ್' ಬಿಡುಗಡೆ ಮಾಡಿ, ಹಿಂದೆ ಸುಮ್ನೆ ಜಾಗ ತುಂಬಲು 1978ರ 'ದಿ ಮಾಡೆಲ್' ಹಾಕಿದರು. 1982ರ ಫೆಬ್ರವರಿಯಲ್ಲಿ ಆ ಹಳೇ ಹಾಡೇ ಬ್ರಿಟನ್ನಿನಲ್ಲಿ ನಂಬರ್ ಒನ್.

ಇನ್ನೊಂದು ವಿಷಯ. ರೆಕಾರ್ಡ್ ಮಾರಾಟವಾದರೆ ಎರಡೂ ಬದಿಯ ಹಾಡು ಬರೆದವರಿಗೆ ಒಂದೇ ಸಮ ರಾಯಲ್ಟಿ. 1981ರಲ್ಲಿ ಸಾಫ್ಟ್ ಸೆಲ್ ಜೋಡಿ 'ಟೇಂಟೆಡ್ ಲವ್' ಅನ್ನುವ ಬೇರೆಯವರ ಹಳೇ ಹಾಡನ್ನು ಹಾಡಿ ಗೆದ್ದಿತು. ಹಿಂದಿನ ಬದಿಗಾದರೂ ಸ್ವಂತದ್ದು ಹಾಕಬೇಕಲ್ವಾ? ಅಲ್ಲೂ ಬೇರೆಯವರದ್ದೇ. ಹಾಡು ಬರೆದ ದುಡ್ಡು ಅಂತ ಇವರಿಗೆ ಸಿಕ್ಕಿದ್ದು ಸೊನ್ನೆ. ಈ ಕಥೆ ಹೇಳಿದಾಗ ಮಾತ್ರ ನನ್ನ ಹೆಂಡತಿಗೆ ಬಿ ಸೈಡ್ ಬಗ್ಗೆ ಸ್ವಲ್ಪ ಆಸಕ್ತಿ ಬಂತು. ಅವಳು ಲೆಕ್ಕಪತ್ರದ ಕೆಲಸದವಳು.

ಉತ್ತರ ಇದ್ದರೇನು, ಉಪದ್ರವ ತಪ್ಪುತ್ತದೆಯೇ?

ಮೊದಲನೆಯದು ಕೊಳ್ಳುವಾಗಿನದು. ರೆಕಾರ್ಡ್ ವ್ಯಾಪಾರದಲ್ಲಿ ಮೇಲಿನಿಂದ ಕೆಳಕ್ಕೆ ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್ ಅಂತ ದರ್ಜೆಗಳಿವೆ. ಇದು ನಮ್ಮ ಕಡೆ ಮದುವೆ ಬ್ರೋಕರ್ ಮಾತಿದ್ದ ಹಾಗೆ. 'ಹುಡುಗ ಸ್ವಂತ ಬಿಸಿನೆಸ್' ಅಂದರೆ ಏನು ಅಂತ ನಾವೇ ತಿಳಿದುಕೊಳ್ಳಬೇಕು. ಗುಡ್ ಅಂತ ಬರೆದದ್ದನ್ನು ತರಿಸಿದರೆ ಹಾಡಿಗಿಂತ ಚಟಪಟ ಸದ್ದೇ ಜಾಸ್ತಿ. ಪಕ್ಕದ ಕೋಣೆಯಿಂದ "ಒಗ್ಗರಣೆ ಸೀದು ಹೋಗ್ತಿದೆ!" ಅಂತ ಕೂಗು ಬಂದದ್ದೂ ಉಂಟು.

ಎರಡನೆಯದು ಸುಂಕ. ನನಗೆ ಬೇಕಾದದ್ದರಲ್ಲಿ ಮುಕ್ಕಾಲು ಪಾಲು ಇರುವುದು ಬ್ರಿಟನ್ನಿನಲ್ಲಿ. ಅವರೋ ಯುರೋಪಿನ ಒಕ್ಕೂಟ ಬಿಟ್ಟು ಹೋದರು. 2021ರ ಜುಲೈಯಿಂದ ಹೊರಗಿನಿಂದ ಬರುವ ಎಷ್ಟು ಸಣ್ಣ ಪೊಟ್ಟಣಕ್ಕೂ ತೆರಿಗೆ. ತೆರಿಗೆಯೇನೋ ಚಿಲ್ಲರೆ ಕಾಸು. ಅದನ್ನು ವಸೂಲಿ ಮಾಡಿದ್ದಕ್ಕೆ ತರುವವರು ಹಾಕುವ ಸೇವಾ ಶುಲ್ಕ ಇದೆಯಲ್ಲ, ಅದು ರೆಕಾರ್ಡಿನ ಬೆಲೆಗಿಂತ ಹೆಚ್ಚು. 'ದುಡ್ಡು ಕಟ್ಟಿ ಬಿಡಿಸಿಕೊಳ್ಳಿ' ಅನ್ನುವ ಮೆಸೇಜ್ ನನ್ನ ಫೋನಿಗೆ ಬಂದಿದ್ದರೆ ಹೇಗೋ ಆಗುತ್ತಿತ್ತು. ಮನೆಯ ಪಾರ್ಸೆಲ್‌ಗಳೆಲ್ಲ ಹೆಂಡತಿಯ ನಂಬರಿನಲ್ಲಿ.

ಇನ್ನು ತೂತಿನ ಕಥೆ. ಬ್ರಿಟನ್ನಿನ ಸಿಂಗಲ್‌ಗಳ, ಅಂದರೆ ಈ ಏಳಿಂಚಿನ ರೆಕಾರ್ಡುಗಳ, ನಡುವೆ ಸಾಮಾನ್ಯವಾಗಿ ಸಣ್ಣ ತೂತು. ಡಚ್, ಜರ್ಮನ್ ಸಿಂಗಲ್‌ಗಳಿಗೆ ಹೆಚ್ಚಾಗಿ 38 ಮಿಲಿಮೀಟರ್ ತೂತು, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಯ ಕಾಲದ್ದು. ಅದನ್ನು ಹಾಕಲು ನಡುವೆ ಅಡಾಪ್ಟರ್ ಅನ್ನುವ ಬಿಲ್ಲೆ ಇಡಬೇಕು. ನಮ್ಮ ಮನೆಯಲ್ಲಿ ಆ ಬಿಲ್ಲೆ ಮಗಳ ಅಡುಗೆ ಆಟದ ಸಾಮಾನಿಗೆ ಸೇರಿಹೋಗಿದೆ. ಅದರಲ್ಲಿ ಅವಳು ಗೊಂಬೆಗೆ ಇಡ್ಲಿ ಬಡಿಸುತ್ತಾಳೆ. ಕೇಳಿದರೆ ಗೊಂಬೆಯ ಊಟ ಆಗಿಲ್ಲ ಅನ್ನುತ್ತಾಳೆ. ಸರಿ, ಕಣ್ಣಂದಾಜಿನಲ್ಲಿ ನಡುವೆ ಕೂರಿಸಿ ಹಾಕಿದೆ. ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ಸುತ್ತು ಸುತ್ತಿಗೂ ಶ್ರುತಿ ಏರಿ ಇಳಿಯುತ್ತದೆ. ಹಾಡುವವನು ದೋಣಿಯಲ್ಲಿ ನಿಂತು ಹಾಡಿದಂತಾಯಿತು.

ಆ ಹೊತ್ತಿಗೆ ತುಮಕೂರಿನಿಂದ ಅಪ್ಪ ಬಂದಿದ್ದರು. ಅವರಿಗೆ ಮೊದಲ ಅನುಮಾನ, "ಲೋ, ಇದರಲ್ಲಿ ತಬಲಾ ಯಾರದು?"

"ಯಾರೂ ಇಲ್ಲಪ್ಪ, ಮೆಷಿನ್ನು."

"ಹಂಗಾದ್ರೆ ಒಂದು ಸಂಬಳ ಉಳೀತು ಅನ್ನು."

ಮಾರನೇ ದಿನ ನಾನು ಆಫೀಸಿನಿಂದ ಬಂದರೆ ಮನೆಯಲ್ಲಿ ಯಾರೋ ನಿದ್ದೆಯಲ್ಲಿ ನರಳುತ್ತಿರುವಂಥ ಸದ್ದು. ಅಪ್ಪ ಕುರ್ಚಿಯಲ್ಲಿ ಒರಗಿ ಕಾಲು ಅಲ್ಲಾಡಿಸುತ್ತಿದ್ದಾರೆ. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ರೆಕಾರ್ಡನ್ನು 33ರ ವೇಗಕ್ಕೆ ಇಟ್ಟಿದ್ದಾರೆ. "ಪಾಪ, ಓಡ್ತಾ ಹಾಡ್ತಿದ್ರು. ಈಗ ನಿಧಾನಕ್ಕೆ ಹಾಡ್ತಿದಾರೆ ನೋಡು."

ಬಯ್ಯೋಣ ಅಂದುಕೊಂಡೆ. ಆದರೆ ಇತಿಹಾಸ ಅಪ್ಪನ ಕಡೆಗಿದೆ. ಎಂಬತ್ತರ ದಶಕದಲ್ಲಿ ಪಕ್ಕದ ಬೆಲ್ಜಿಯಂನ ಆಂಟ್‌ವರ್ಪ್‌ನ ಒಂದು ಕ್ಲಬ್ಬಿನಲ್ಲಿ, ಎ ಸ್ಪ್ಲಿಟ್ ಸೆಕೆಂಡ್ ಬ್ಯಾಂಡಿನ 'ಫ್ಲೆಶ್' ಹಾಡನ್ನು ಡಿಜೆ 45ರ ಬದಲು 33ಕ್ಕೆ ಇಟ್ಟು, ಸ್ವಲ್ಪ ಮಾತ್ರ ವೇಗ ಏರಿಸಿ ಬಿಟ್ಟರು. ಜನ ಕುಣಿದರು. ನ್ಯೂ ಬೀಟ್ ಅನ್ನುವ ಸಂಗೀತದ ಪ್ರಕಾರ ಶುರುವಾದದ್ದೇ ಹಾಗೆ. ಇದನ್ನು ಅಪ್ಪನಿಗೆ ಹೇಳಬಾರದಿತ್ತು. ಆಮೇಲೆ ಇದ್ದಷ್ಟು ದಿನವೂ ನಮ್ಮ ಮನೆಯಲ್ಲಿ 33ರದೇ ರಾಜ್ಯ.

ಕವರಿನ ಸಂಕಟ ಬೇರೆ. ಬ್ರಿಟನ್ನಿನ ಓಎಂಡಿ ಬ್ಯಾಂಡಿನವರ ಮೊದಲ ಸಿಂಗಲ್ 'ಎಲೆಕ್ಟ್ರಿಸಿಟಿ', 1979ರದು, ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ತಂದದ್ದು. ಪೀಟರ್ ಸ್ಯಾವಿಲ್ ಅನ್ನುವ ಡಿಸೈನರ್ ಅದಕ್ಕೆ ಕಪ್ಪು ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಕವರ್ ಮಾಡಿದರು. ಬೆಳಕಿಗೆ ಓರೆ ಹಿಡಿದರೆ ಮಾತ್ರ ಅಕ್ಷರ ಕಾಣುತ್ತದೆ. ನನ್ನ ಬಳಿ ಇರುವವುಗಳಲ್ಲಿ ಬೆಲೆ ಬಾಳುವುದು ಅದೊಂದೇ. ದೀಪಾವಳಿಗೆ ಬಂದ ಸ್ನೇಹಿತರು ಅದರ ಮೇಲೆ ಬಜ್ಜಿ ತಟ್ಟೆ ಇಟ್ಟರು. ನನ್ನ ಮುಖ ನೋಡಿ, "ಕಪ್ಪು ಅಲ್ವಾ ಸಾರ್, ಎಣ್ಣೆ ಕಾಣಲ್ಲ ಬಿಡಿ" ಅಂತ ಸಮಾಧಾನವನ್ನೂ ಹೇಳಿದರು. ಕಾಣುತ್ತದೆ. ಬೆಳಕಿಗೆ ಓರೆ ಹಿಡಿದರೆ ಅಕ್ಷರಕ್ಕಿಂತ ಮೊದಲು ಅದೇ ಕಾಣುತ್ತದೆ.

(ನನ್ನ ಹುಚ್ಚು ಒಂದು ದಿಕ್ಕಿನದು ಮಾತ್ರ ಅಂದುಕೊಳ್ಳಬೇಡಿ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರಿನಲ್ಲಿ ಹತ್ತು ರಾಗ ನುಡಿಸಿದ ರೆಕಾರ್ಡ್ ನಮ್ಮವರ್ಯಾರಿಗೂ ಬೇಡವಾಗಿತ್ತು. ದೆಹಲಿಯಲ್ಲಿ ಅದನ್ನು ಹುಡುಕಿ, 2010ರಲ್ಲಿ ಮತ್ತೆ ತಂದವರು ಒಬ್ಬ ಡಚ್ಚರು.)

ಏಪ್ರಿಲ್ 27 ಇಲ್ಲಿಯ ರಾಜನ ಹುಟ್ಟುಹಬ್ಬ. ಅವತ್ತು ಯಾರು ಬೇಕಾದರೂ ಬೀದಿಯಲ್ಲಿ ಬಟ್ಟೆ ಹಾಸಿ ಮನೆಯ ಹಳೇ ಸಾಮಾನು ಮಾರಬಹುದು. ಮಕ್ಕಳೇ ಜಾಸ್ತಿ ಕೂತಿರುತ್ತಾರೆ. ಹೋದ ವರ್ಷ ಒಬ್ಬ ಹುಡುಗನ ಮುಂದೆ ಬೆಲ್ಜಿಯಂನ ಟೆಲೆಕ್ಸ್ ಬ್ಯಾಂಡಿನ 'ಯೂರೋ-ವಿಷನ್' ಕವರ್ ಕಂಡಿತು. ನನ್ನ ಎದೆ ಹೊಡೆದುಕೊಂಡಿತು. 1980ರ ಯೂರೋವಿಷನ್ ಅನ್ನುವ ಹಾಡಿನ ಸ್ಪರ್ಧೆಗೆ ಹೋಗಿ ಆ ಸ್ಪರ್ಧೆಯನ್ನೇ ಗೇಲಿ ಮಾಡಿದ ಹಾಡು ಅದು. ಕೊನೆಯ ಸ್ಥಾನ ಬರಬೇಕು ಅಂತಲೇ ಅವರ ಆಸೆ. ಪೋರ್ಚುಗಲ್ ಹತ್ತು ಪಾಯಿಂಟ್ ಕೊಟ್ಟು ಕೆಡಿಸಿತು. 19ರಲ್ಲಿ 17ನೇ ಸ್ಥಾನ.

ಹುಡುಗ ಒಂದು ಯೂರೋ ಅಂದ. ಚೌಕಾಸಿ ಮಾಡದೆ ಕೊಂಡರೆ ಅಪ್ಪನ ಮಗ ಹೇಗಾದೇನು? ನನ್ನ ಹರಕು ಡಚ್‌ನಲ್ಲಿ, "ನನಗೆ ಹಿಂದಿನ ಬದಿ ಮಾತ್ರ ಬೇಕು. ಅರ್ಧ ಯೂರೋಗೆ ಕೊಡಪ್ಪ" ಅಂದೆ.

ಅವನು ಅಕ್ಕನನ್ನು ಕರೆದ. ಇಬ್ಬರೂ ಗುಸುಗುಸು ಮಾತಾಡಿದರು. "ಆಗಲಿ. ಆದರೆ ಮುಂದಿನ ಬದಿ ವಾಪಸ್ ಕೊಡಬೇಕು" ಅಂದಳು ಅಕ್ಕ.

ಬಾಯಿ ಮುಚ್ಚಿಕೊಂಡು ಒಂದು ಯೂರೋ ಕೊಟ್ಟೆ. ಮನೆಗೆ ಬಂದು ಕವರ್ ತೆಗೆದರೆ ಒಳಗಿದ್ದದ್ದು ಸಿಂಟರ್‌ಕ್ಲಾಸ್ ಹಬ್ಬದ ಮಕ್ಕಳ ಹಾಡು. ಡಿಸೆಂಬರಿನ ಹಬ್ಬದ್ದು. ಮಗಳು ಓಡಿ ಹೋಗಿ ಗೊಂಬೆಯ ಇಡ್ಲಿ ಚೆಲ್ಲಿ, ಅಡಾಪ್ಟರನ್ನು ಅವಳೇ ತಂದುಕೊಟ್ಟಳು. ಆ ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿ ಮೂರು ಹೊತ್ತೂ ಅದೇ ಹಾಡು, ಎರಡೂ ಬದಿ.