ಛೇದವೆಂಬ ಹಠಮಾರಿ

ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸು ಎಂದಾಗ ನಾನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಎಂದು ಬರೆದಿದ್ದೆ. ಅದೂ ಅಡಿಗೆರೆ ಎಳೆದು. ಅದರ ಮೇಲೆ ಕೆಂಪು ಶಾಯಿಯ ಗೀಟು ಬಿದ್ದಾಗ ಬಂದದ್ದು ಅಳುವಲ್ಲ, ಸಿಟ್ಟು. 2/5 ಅರ್ಧಕ್ಕಿಂತ ಕಡಿಮೆ, ಅಂದರೆ ಇದ್ದದ್ದಕ್ಕೆ ಇನ್ನಷ್ಟು ಸೇರಿಸಿ ಇದ್ದದ್ದನ್ನೂ ಕರಗಿಸಿದ್ದೆ ಎಂಬುದು ಹೊಳೆಯಲು ಬಹಳ ವರ್ಷ ಬೇಕಾಯಿತು.

ತಕರಾರೆಲ್ಲ ಕೆಳಗೆ ಕೂತ ಛೇದದ್ದು. ಮೇಲಿನ ಅಂಶ ಸಾಧು, ಎಷ್ಟು ತುಂಡು ಎಂದು ಎಣಿಸಿ ಸುಮ್ಮನಾಗುತ್ತದೆ. ಛೇದ ಎಣಿಸುವುದಿಲ್ಲ, ತುಂಡು ಯಾವ ಗಾತ್ರದ್ದು ಎಂದು ಹೇಳುತ್ತದೆ. ಅದೂ ತಲೆಕೆಳಗಾಗಿ: ತಾನು ಬೆಳೆದಷ್ಟೂ ತುಂಡನ್ನು ಸಣ್ಣದು ಮಾಡುತ್ತದೆ. ಎಂಟನೇ ಒಂದಕ್ಕಿಂತ ಒಂಬತ್ತನೇ ಒಂದು ಕಿರಿದು. ಆದರೂ 7/8 ಮತ್ತು 8/9 ಎದುರುಬದುರು ನಿಂತರೆ ಗೆಲ್ಲುವುದು 8/9. ಇಂಥಲ್ಲಿ ನಾನು ಇರುವುದನ್ನು ಬಿಟ್ಟು ಇಲ್ಲದ್ದನ್ನು ನೋಡುತ್ತೇನೆ. ಪೂರ್ಣವಾಗಲು ಒಂದಕ್ಕೆ ಎಂಟನೇ ಒಂದು ಕೊರತೆ, ಇನ್ನೊಂದಕ್ಕೆ ಒಂಬತ್ತನೇ ಒಂದು. ಕೊರತೆ ಕಡಿಮೆಯಿದ್ದದ್ದೇ ದೊಡ್ಡದು. ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸಿ ಓರೆ ಗುಣಾಕಾರ ಮಾಡುವವರಿಗೆ 63 ಮತ್ತು 64 ಸಿಗುತ್ತವೆ. ಉತ್ತರ ಅದೇ, ಖುಷಿ ಕಡಿಮೆ.

ಕೂಡುವಾಗ ಇಂಥ ಜಾಣತನ ನಡೆಯದು. ‘ಭಿನ್ನ’ ಎಂದರೆ ಒಡೆದದ್ದೂ ಹೌದು, ಬೇರೆಯಾದದ್ದೂ ಹೌದು. ಬೇರೆತನ ಹೋಗದೆ ಒಡೆದದ್ದು ಕೂಡುವುದಿಲ್ಲ. ಅರ್ಧ 3/6 ಆಗಬೇಕು, ಮೂರನೇ ಒಂದು 2/6 ಆಗಬೇಕು, ಆಮೇಲಷ್ಟೇ 5/6. ಇದಕ್ಕೆ ಬೇಕಾದ ಲ.ಸಾ.ಅ.ವನ್ನು, ಅಂದರೆ ಎಲ್ಲ ಛೇದಗಳಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆಯನ್ನು, 9ನೆಯ ಶತಮಾನದ ಗಣಿತಜ್ಞ ಮಹಾವೀರಾಚಾರ್ಯರು ‘ನಿರುದ್ಧ’ ಎಂದು ಕರೆದರು. ಹಠಮಾರಿ ಛೇದಗಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ ಆ ಪದ ನನ್ನ ಕಿವಿಗೆ ಕೇಳುತ್ತದೆ.

ಮಿಶ್ರ ಸಂಖ್ಯೆಗಳ ವ್ಯವಕಲನದಲ್ಲಿ ಸಾಲದ ವ್ಯವಹಾರವೂ ಸೇರಿಕೊಳ್ಳುತ್ತದೆ. ಐದೂಕಾಲರಲ್ಲಿ ಎರಡೂಮುಕ್ಕಾಲು ಕಳೆಯಬೇಕು. ಕಾಲರಲ್ಲಿ ಮುಕ್ಕಾಲು ಹೋಗುವುದಿಲ್ಲ. ಪಕ್ಕದ ಐದರಿಂದ ಒಂದನ್ನು ಸಾಲ ತರಬೇಕು. ಪೂರ್ಣಸಂಖ್ಯೆಗಳಲ್ಲಿ ಸಾಲ ತಂದು ತಂದು ಪಳಗಿದ ಕೈ ಇಲ್ಲಿಯೂ ಹತ್ತನ್ನೇ ತಂದು 1/4ನ್ನು 11/4 ಮಾಡಿಬಿಡುತ್ತದೆ. ಉತ್ತರ ನಾಲ್ಕು ಬರುತ್ತದೆ, ನೋಡಲು ಎಷ್ಟು ಲಕ್ಷಣವಾಗಿದೆ! ನಿಜಕ್ಕೂ ಆ ಒಂದು ಬರಬೇಕಾದದ್ದು ನಾಲ್ಕು ಕಾಲುಗಳಾಗಿ ಒಡೆದುಕೊಂಡು. ಆಗ ನಾಲ್ಕರ ಪಕ್ಕ 5/4. ಅದರಲ್ಲಿ 3/4 ಹೋದರೆ 2/4. ನಾಲ್ಕರಲ್ಲಿ ಎರಡು ಹೋದರೆ ಎರಡು. ಒಟ್ಟು ಎರಡೂವರೆ.

ಈಗೀಗ ನಾನು ಸಾಲದ ಗೋಜಿಗೇ ಹೋಗುವುದಿಲ್ಲ. ಎರಡು ಕಡೆಗೂ ಕಾಲುಕಾಲು ಸೇರಿಸುತ್ತೇನೆ: ಐದೂವರೆಯಲ್ಲಿ ಮೂರು ಹೋದರೆ ಎರಡೂವರೆ. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಕ್ರಮ ತೋರಿಸಿಲ್ಲವೆಂದು ಅರ್ಧ ಅಂಕ ಕಳೆಯುತ್ತಿದ್ದರೋ ಏನೋ.