ಸತ್ಯಾಂಶ: ಗಂಡ-ಹೆಂಡತಿಯದು ಒಂದೇ ಬ್ಲಡ್ ಗ್ರೂಪ್ ಆದರೆ ಮಗುವಿಗೆ ತೊಂದರೆಯಾ?

ಹೀಗೊಂದು ಮೆಸೇಜ್ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇದೆ. ಸುಳ್ಳು. ಇಬ್ಬರದೂ ಓ ಪಾಸಿಟಿವ್ ಆದರೆ ಅದರಿಂದ ಏನೂ ಆಗುವುದಿಲ್ಲ.

ನೋಡಬೇಕಾದ್ದು ತಾಯಿಯ ಬ್ಲಡ್ ಗ್ರೂಪ್ ನೆಗೆಟಿವ್, ತಂದೆಯದು ಪಾಸಿಟಿವ್ ಇದ್ದಾಗ. ಮಗುವೂ ಪಾಸಿಟಿವ್ ಆದರೆ, ಹೆರಿಗೆ ಹೊತ್ತಿಗೆ ಅದರ ರಕ್ತ ತಾಯಿಯ ರಕ್ತಕ್ಕೆ ಸೇರಬಹುದು. ಆಗ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯ (ಪಾಸಿಟಿವ್ ರಕ್ತಕಣಗಳ ಮೇಲೆ ದಾಳಿ ಮಾಡುವ ಅಂಶ) ತಯಾರಿಸಬಹುದು. ಪೆಟ್ಟು ಬೀಳುವುದು ಸಾಮಾನ್ಯವಾಗಿ ಮುಂದಿನ ಮಗುವಿಗೆ. ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ: 28ನೇ ವಾರದ ಸುಮಾರಿಗೆ ಒಂದು, ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು.

ಗರ್ಭಪಾತವಾದಾಗಲೂ ಇದು ಬೇಕಾಗಬಹುದು. ಆದರೆ ‘ಯಾರಿಗೂ ಹೇಳ್ಬೇಡ’ ಅಂತ ಮನೆಯವರು ಮುಚ್ಚಿಡುತ್ತಾರಲ್ಲ, ಇಂಜೆಕ್ಷನ್ ತಪ್ಪಿಹೋಗೋದು ಅಲ್ಲೇ. ತಾಯಿ ಕಾರ್ಡ್‌ನಲ್ಲಿ ಬ್ಲಡ್ ಗ್ರೂಪ್ ಬರೆದಿರುತ್ತದೆ. ಎಷ್ಟೋ ಮನೆಗಳಲ್ಲಿ ಆ ಕಾರ್ಡ್ ಮಾತ್ರ ಅತ್ತೆಯ ಬೀರುವಿನಲ್ಲಿ!