ಅಡಲ್ಟರಿಗೂ ಅಡಲ್ಟ್‌ಗೂ ನಂಟಿಲ್ಲ

‘ಅಡಲ್ಟ್ ಆದವರು ಮಾಡುವಂಥದ್ದು, ಅದಕ್ಕೇ ಅಡಲ್ಟರಿ’ (ವ್ಯಭಿಚಾರ, ಅಂದರೆ ಮದುವೆಯಾಚೆಗಿನ ಸಂಬಂಧ) ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ತಪ್ಪು, ದಯವಿಟ್ಟು ಮಕ್ಕಳಿಗೆ ಹೀಗೆ ಹೇಳಿಕೊಡಬೇಡಿ. ಅಡಲ್ಟ್ ಬಂದದ್ದು ‘ಬೆಳೆದು ನಿಂತ’ ಎಂಬರ್ಥದ ಲ್ಯಾಟಿನ್‌ನ ಅಡಲ್ಟಸ್‌ನಿಂದ. ಅಡಲ್ಟರಿಯ ಬೇರು ಅಡಲ್ಟರಾರೆ, ಅಂದರೆ ಕೆಡಿಸು, ಕಲಬೆರಕೆ ಮಾಡು. ಹಾಲಿಗೆ ನೀರು ಬೆರೆಸಿದರೆ ಅಡಲ್ಟರೇಶನ್ ಅನ್ನುತ್ತೇವಲ್ಲ, ಅದೂ ಇದೇ ಬೇರಿನದು. ಕೆಟ್ಟುಹೋದ ನಂಬಿಕೆಯ ನೋವು ಆ ಪದದೊಳಗೇ ಇದೆ. ವಯಸ್ಸಿನ ಮಾತೇ ಅಲ್ಲಿಲ್ಲ.

ಅದೇ ಸಂದೇಶದ ಕೊನೆಯಲ್ಲಿ ‘ಭಾರತದಲ್ಲಿ ಇದಕ್ಕೆ 5 ವರ್ಷ ಜೈಲು’ ಅಂತಲೂ ಇದೆ. ಅದು ಹಳೇ ಮಾತು. ಅಡಲ್ಟರಿಯನ್ನು ಅಪರಾಧ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ರದ್ದು ಮಾಡಿದೆ. ಆದರೆ ವಿಚ್ಛೇದನ ಕೇಳಲು ಅಡಲ್ಟರಿ ಈಗಲೂ ಕಾರಣವೇ.